ಮೈಸೂರಿನಲ್ಲಿ ಹುಟ್ಟಿದ ಪಾನೀಯ: ‘ಡಬಲ್ ಸೆವೆನ್’ ವೃತ್ತಾಂತ

ಕಲಬುರಗಿ ಸೀಮೆಯ ಬೇಸಗೆಯು ಎಂತಹುದೆಂಬುದನ್ನು ಆ ಸೀಮೆಯವರಿಗೆ ಬಣ್ಣಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಯುಗಾದಿಯು ಕಳೆದು ವೈಶಾಖವು ಕಾಲಿಡುವಷ್ಟರಲ್ಲಿ ಬಿಸಿಲು 40 ಡಿಗ್ರಿಗಳನ್ನು ಮೀರುವುದು. ಮಧ್ಯಾಹ್ನದ ಹೊತ್ತು ಬೀದಿಗಳು ಬರಿದಾಗುವುವು. ಇಂತಹ ನಾಡಿನಲ್ಲಿ ದಾರಿಹೋಕನಿಗೆ ತಣ್ಣೀರು ಕೊಡುವುದು ಪುಣ್ಯಕಾರ್ಯವೆಂದು ಹಿರಿಯರು ಎಣಿಸಿದುದು ಸಹಜವೇ ಸರಿ. ಅರವಟ್ಟಿಗೆಗಳನ್ನು ಇಡಿಸಿದ ದಾನಿಗಳ ಹೆಸರುಗಳು ಕನ್ನಡ ನಾಡಿನ ಶಾಸನಗಳಲ್ಲಿಯೂ ದೊರೆಯುವುವು. ಅರವಟ್ಟಿಗೆಯ ನೀರಿನ ಜೊತೆಗೆ ಬೆಲ್ಲದ ಪಾನಕ, ಮಜ್ಜಿಗೆ, ನಿಂಬೆಯ ಶರಬತ್ತುಗಳು ಬಂದುವು. ಅವುಗಳ ತರುವಾಯ ಸೋಡಾ ಬಂದಿತು. ಈಗ ಕೋಟನೂರಿನಂತಹ ನಗರದ ಅಂಚಿನ ಊರಿನಲ್ಲಿಯೂ ಬಣ್ಣಬಣ್ಣದ ಪಾನೀಯಗಳ ಸೀಸೆಗಳು ಕಿರಾಣಿ ಅಂಗಡಿಯ ಶೀತಕಪಾಟಿನಲ್ಲಿ ಸಾಲುಗಟ್ಟಿ ನಿಂತಿವೆ.

ಈ ಸೀಸೆಗಳ ಮೇಲಿನ ಹೆಸರುಗಳನ್ನು ಓದಿ ನೋಡಿದರೆ ಒಂದು ಸಂಗತಿಯು ಮನಸ್ಸಿಗೆ ಬರುವುದು. ನೀರು ನಮ್ಮದು, ಸಕ್ಕರೆಯು ನಮ್ಮ ಕಬ್ಬಿನದು, ಕುಡಿಯುವವರು ನಾವು; ಆದರೆ ಹೆಸರುಗಳಲ್ಲಿ ಬಹುಪಾಲು ಹೊರಗಿನವು. ಹಾಗಾದರೆ ನಮ್ಮದೇ ಆದ ಒಂದು ಪಾನೀಯವನ್ನು ಮಾಡಿ ದೇಶಕ್ಕೆಲ್ಲ ಕುಡಿಸಬೇಕೆಂದು ಯಾರೂ ಯತ್ನಿಸಲಿಲ್ಲವೇ? ಯತ್ನಿಸಿದರು. ಆ ಯತ್ನವು ನಡೆದುದು 1977ನೆಯ ಇಸವಿಯಲ್ಲಿ. ಅದರ ಸೂತ್ರವು ಸಿದ್ಧವಾದುದು ನಮ್ಮ ಮೈಸೂರಿನಲ್ಲಿ. ಅದರ ಹಿಂದೆ ಇದ್ದುದು ಸಾಕ್ಷಾತ್ ಭಾರತ ಸರ್ಕಾರ. ಅಷ್ಟಿದ್ದರೂ ‘ಡಬಲ್ ಸೆವೆನ್’ ಎಂಬ ಆ ಪಾನೀಯವು ಇಂದು ಅಂಗಡಿಗಳಲ್ಲಿ ಇಲ್ಲ. ಯಾರ ಬೆಂಬಲವೂ ಇಲ್ಲದ ಗೋಲಿ ಸೋಡಾ ಮಾತ್ರ ಇನ್ನೂ ಉಳಿದಿದೆ. ಇದು ಹೇಗಾಯಿತೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಗೋಲಿಯ ಮಹಿಮೆ

ದೊಡ್ಡ ಪಾನೀಯದ ಕಥೆಯನ್ನು ತಿಳಿಯಬೇಕಾದರೆ ಮೊದಲು ಚಿಕ್ಕದರ ಕಥೆಯನ್ನು ತಿಳಿಯಬೇಕು. ನೀರಿನಲ್ಲಿ ಇಂಗಾಲಾಮ್ಲ ವಾಯುವನ್ನು ಒತ್ತಡದಿಂದ ಕರಗಿಸಿದರೆ ಅದೇ ಸೋಡಾ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದ ಜೋಸೆಫ್ ಪ್ರೀಸ್ಟ್ಲಿ ಎಂಬ ವಿದ್ವಾಂಸನು ತನ್ನ ಮನೆಯ ಪಕ್ಕದ ಬೀರು ಕಾರ್ಖಾನೆಯಲ್ಲಿ, ಹುಳಿಯುವ ತೊಟ್ಟಿಗಳ ಮೇಲೆ ತೇಲುತ್ತಿದ್ದ ಈ ವಾಯುವನ್ನು ನೀರಿಗೆ ಬೆರಸಿ ನೋಡಿದನು. ಅದರ ರುಚಿಯು ಅವನಿಗೆ ಹಿಡಿಸಿತು. 1772ರಲ್ಲಿ ಆ ವಿಧಾನವನ್ನು ಅವನು ಅಚ್ಚು ಹಾಕಿಸಿ ಪ್ರಕಟಿಸಿದನಲ್ಲದೆ ಅದರಿಂದ ಹಣ ಮಾಡಲಿಲ್ಲ. ಹಣ ಮಾಡಿದವನು ಜಿನೀವಾದ ಯಾಕೋಬ್ ಷ್ವೆಪ್. ಅವನು 1783ರಲ್ಲಿ ಈ ನೀರಿನ ವ್ಯಾಪಾರವನ್ನು ಆರಂಭಿಸಿ, 1792ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿಯೂ ಅಂಗಡಿಯಿಟ್ಟನು.

ಸೋಡಾ ಮಾಡುವುದು ಸುಲಭವಾಯಿತು. ಅದನ್ನು ಹಿಡಿದಿಡುವುದು ಕಷ್ಟವಾಯಿತು. ಬಿರಡೆಯು ಒಣಗಿದರೆ ವಾಯುವು ಸೋರುವುದು, ಒತ್ತಡವು ಹೆಚ್ಚಾದರೆ ಬಿರಡೆಯೇ ಹಾರಿಹೋಗುವುದು. ಈ ತೊಡಕನ್ನು ಹೈರಮ್ ಕಾಡ್ ಎಂಬ ಆಂಗ್ಲ ಯಂತ್ರಶಿಲ್ಪಿಯು ಬಗೆಹರಿಸಿ, 1872ರ ಹೊತ್ತಿಗೆ ತನ್ನ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಸೀಸೆಯ ಕೊರಳಿನೊಳಗೆ ಒಂದು ಗಾಜಿನ ಗೋಲಿ, ಬಾಯಿಯ ಒಳಸುತ್ತಿನಲ್ಲಿ ಒಂದು ರಬ್ಬರಿನ ಉಂಗುರ. ಇಷ್ಟೇ ಆ ಉಪಾಯ. ಸೀಸೆಯನ್ನು ತಲೆಕೆಳಗಾಗಿ ಹಿಡಿದು ನೀರು ಮತ್ತು ವಾಯುಗಳನ್ನು ತುಂಬಿದರೆ ಗೋಲಿಯು ಬಾಯಿಯ ಕಡೆಗೆ ಬಿದ್ದು ಉಂಗುರದ ಮೇಲೆ ಕೂರುವುದು. ಬಳಿಕ ಸೀಸೆಯನ್ನು ನೆಟ್ಟಗೆ ನಿಲ್ಲಿಸಿದರೂ ಒಳಗಿನ ವಾಯುವೇ ಅದನ್ನು ಒತ್ತಿ ಹಿಡಿದಿರುವುದು. ಹೊರಗೆ ಹೋಗಲು ಹವಣಿಸುವ ವಾಯುವೇ ತನ್ನ ಬಾಗಿಲಿಗೆ ತಾನೇ ಕಾವಲುಗಾರನಾಗುವ ಈ ಚಮತ್ಕಾರವು ಎಷ್ಟು ಸರಳವೋ ಅಷ್ಟೇ ಸೊಗಸಾದುದು. ಕುಡಿಯುವವನು ಗೋಲಿಯನ್ನು ಹೆಬ್ಬೆರಳಿನಿಂದಲೋ ಮರದ ಗುಬಟಿನಿಂದಲೋ ಒಳಕ್ಕೆ ಅದುಮಿದೊಡನೆ ‘ಟಪ್ಪ’ ಎಂಬ ಸದ್ದಿನೊಡನೆ ಅದು ಕೊರಳಿಗೆ ಇಳಿಯುವುದು. ಬಗ್ಗಿಸುವಾಗ ಅದು ಮತ್ತೆ ಬಾಯಿಗೆ ಅಡ್ಡ ಬಾರದಂತೆ ಕೊರಳಿನಲ್ಲಿರುವ ತಗ್ಗುಗಳು ಅದನ್ನು ತಡೆಯುವುವು.

ಈ ಸೀಸೆಯು ಹುಟ್ಟಿದ ದೇಶದಲ್ಲಿ ಮೂಲೆಗೆ ಬಿದ್ದಿತು. ತಗಡಿನ ಮುಚ್ಚಳದ ಸೀಸೆಯು ಅದರ ಸ್ಥಾನವನ್ನು ಆಕ್ರಮಿಸಿತು. ಆದರೆ ನಮ್ಮ ದೇಶದಲ್ಲಿ ಅದು ಬೇರೂರಿತು. ಕಾರಣವು ಸ್ಪಷ್ಟವಾಗಿದೆ. ಇದಕ್ಕೆ ಮುಚ್ಚಳವನ್ನು ಕೊಳ್ಳಬೇಕಾಗಿಲ್ಲ, ದೊಡ್ಡ ಕಾರ್ಖಾನೆಯು ಬೇಕಿಲ್ಲ. ಕೈಯಿಂದ ತಿರುಗಿಸುವ ಒಂದು ಯಂತ್ರ, ವಾಯು ತುಂಬಿದ ಒಂದು ಉಕ್ಕಿನ ಕೊಳವೆ, ಕೆಲವು ಡಜನ್ ಸೀಸೆಗಳು, ಒಳ್ಳೆಯ ನೀರು, ಇಷ್ಟಿದ್ದರೆ ಒಂದು ಕುಟುಂಬವು ತನ್ನ ಮನೆಯ ಮುಂಭಾಗದಲ್ಲಿಯೇ ಉದ್ಯಮವನ್ನು ನಡೆಸಬಹುದು. ಆದುದರಿಂದಲೇ ತಾಲ್ಲೂಕಿಗೊಂದು, ಪೇಟೆಗೊಂದು ಸೋಡಾ ಹುಟ್ಟಿಕೊಂಡಿತು. ಅದಕ್ಕೆ ಜಾಹೀರಾತು ಇರಲಿಲ್ಲ. ಮಾಡುವವನ ಹೆಸರೇ ಅದರ ಹೆಸರು, ಅವನ ಮೇಲಿನ ನಂಬಿಕೆಯೇ ಅದರ ಮುದ್ರೆ.

ಸೀಸೆಯ ಲೆಕ್ಕಾಚಾರ

ಇಲ್ಲಿ ಗೃಹಸ್ಥರು ಗಮನಿಸತಕ್ಕ ಮುಖ್ಯ ವಿಷಯವೊಂದುಂಟು. ಗಾಜಿನ ಸೀಸೆಯ ಕಾಲದಲ್ಲಿ ಪಾನೀಯಕ್ಕಿಂತ ಸೀಸೆಯೇ ಬೆಲೆಯುಳ್ಳದ್ದು. ಆ ಸೀಸೆಯು ಅಂಗಡಿಯಿಂದ ಕಾರ್ಖಾನೆಗೆ ಹಿಂದಿರುಗಿ, ತೊಳೆಯಲ್ಪಟ್ಟು, ಮತ್ತೆ ತುಂಬಿ, ಮತ್ತೆ ಅಂಗಡಿಗೆ ಬರಬೇಕು. ಹೀಗೆ ಹತ್ತಾರು ಸಲ ತಿರುಗಾಡಿದರೆ ಮಾತ್ರ ವ್ಯಾಪಾರಿಗೆ ಲಾಭ. ಅದಕ್ಕಾಗಿಯೇ ಅಂಗಡಿಯವನು ಖಾಲಿ ಸೀಸೆಯನ್ನು ಕೇಳಿ ಪಡೆಯುತ್ತಿದ್ದನು, ಇಲ್ಲವೆ ಠೇವಣಿಯನ್ನು ಹಿಡಿಯುತ್ತಿದ್ದನು. ತುಂಬಿದ ಸೀಸೆಗಳು ಭಾರವಾದುವು, ಒಡೆಯುವಂತಹವು. ಬಹುದೂರ ಒಯ್ದರೆ ಸಾಗಾಣಿಕೆಯ ವೆಚ್ಚವೇ ಲಾಭವನ್ನು ನುಂಗುವುದು. ಆದುದರಿಂದ ಯಾವ ಪಾನೀಯವಾದರೂ ತಾನು ತುಂಬಲ್ಪಡುವ ಸ್ಥಳದಿಂದ ಅಷ್ಟು ದೂರವೇ ಹೋಗುತ್ತಿತ್ತು, ಹೆಚ್ಚಿಗೆ ಹೋಗುತ್ತಿರಲಿಲ್ಲ. ಈ ದೂರದ ಮಿತಿಯೇ ಸ್ಥಳೀಯ ಪಾನೀಯಗಳಿಗೆ ಕೋಟೆಯ ಗೋಡೆಯಂತೆ ಇದ್ದಿತು. ತಮಿಳುನಾಡಿನ ವಿರುದುನಗರದಲ್ಲಿ 1916ರಲ್ಲಿ ಆರಂಭವಾದ ಕಾಳಿಮಾರ್ಕ್, ಗುಜರಾತಿನ ಸೂರತ್ತಿನಲ್ಲಿ 1923ರಲ್ಲಿ ಹುಟ್ಟಿದ ಸೋಸ್ಯೊ ಮುಂತಾದುವು ತಮ್ಮ ತಮ್ಮ ಸೀಮೆಗಳಲ್ಲಿ ಬೆಳೆದು ನಿಂತುದು ಈ ಗೋಡೆಯ ಆಶ್ರಯದಲ್ಲಿಯೇ.

ಹಾಗಾದರೆ ವಿದೇಶದ ಪಾನೀಯವು ಇಷ್ಟು ದೂರ ಹೇಗೆ ಬಂದಿತು? ಅದು ಪಾನೀಯವಾಗಿ ಬರಲಿಲ್ಲ, ಮೂಲಸಾರವಾಗಿ ಬಂದಿತು. 1886ರಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಜಾನ್ ಪೆಂಬರ್ಟನ್ ಎಂಬ ಔಷಧಿ ವ್ಯಾಪಾರಿಯು ಕಂಡುಹಿಡಿದ ಕೋಕಾ-ಕೋಲಾದ ವ್ಯಾಪಾರಕ್ರಮವೇ ಹಾಗೆ. ಮೂಲ ಕಂಪನಿಯು ದಟ್ಟವಾದ ಸಾರವನ್ನು ಮಾತ್ರ ತಯಾರಿಸಿ ಮಾರುವುದು. ಪ್ರತಿಯೊಂದು ಪ್ರಾಂತದಲ್ಲಿ ಸ್ಥಳೀಯ ಬಂಡವಾಳಗಾರನು ಕಾರ್ಖಾನೆ ಕಟ್ಟಿ, ಸೀಸೆ ಕೊಂಡು, ಸ್ಥಳದ ನೀರನ್ನೂ ಸಕ್ಕರೆಯನ್ನೂ ವಾಯುವನ್ನೂ ಬೆರಸಿ ತುಂಬಿ ಹಂಚುವನು. ಸಾರದ ಗುಟ್ಟು ಮಾತ್ರ ಅಟ್ಲಾಂಟಾದಲ್ಲಿಯೇ ಉಳಿಯುವುದು. ಸಾರದೊಳಗಿನ ಒಂದು ಮಿಶ್ರಣಕ್ಕೆ ಕಂಪನಿಯೊಳಗೆ ‘7ಎಕ್ಸ್’ ಎಂಬ ಗೂಢನಾಮವನ್ನೇ ಇಟ್ಟಿದ್ದಾರೆ. ಭಾರತದಲ್ಲಿ ಈ ಪಾನೀಯವು 1950ರ ಸುಮಾರಿಗೆ ಕಾಲಿಟ್ಟು, ಮುಂದಿನ ಕಾಲು ಶತಮಾನದಲ್ಲಿ ದೊಡ್ಡ ನಗರಗಳ ಮದುವೆಮನೆಗಳಲ್ಲಿಯೂ ಚಿತ್ರಮಂದಿರಗಳಲ್ಲಿಯೂ ಪ್ರತಿಷ್ಠೆಯ ಪಾನೀಯವೆನಿಸಿಕೊಂಡಿತು.

1977ರ ಬಿಕ್ಕಟ್ಟು

1973ರಲ್ಲಿ ಭಾರತದ ಸಂಸತ್ತು ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ ಈ ದೇಶದಲ್ಲಿ ವ್ಯವಹರಿಸುವ ವಿದೇಶೀ ಕಂಪನಿಗಳು, ಕೆಲವು ಮುಖ್ಯ ಉದ್ಯಮಗಳನ್ನು ಬಿಟ್ಟು, ತಮ್ಮ ಪಾಲನ್ನು ಶೇಕಡ 40ಕ್ಕೆ ಇಳಿಸಿಕೊಳ್ಳಬೇಕಾಗಿತ್ತು. ಪಾನೀಯದ ವ್ಯಾಪಾರವನ್ನು ಮುಖ್ಯ ಉದ್ಯಮವೆಂದು ಯಾರೂ ಹೇಳಲಾರರು. 1977ರ ಮಾರ್ಚಿಯಲ್ಲಿ ನಡೆದ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷವು ಸೋತು, ಮೊರಾರ್ಜಿ ದೇಸಾಯಿಯವರ ನೇತೃತ್ವದ ಜನತಾ ಸರ್ಕಾರವು ಅಧಿಕಾರಕ್ಕೆ ಬಂದಿತು. ಅದೇ ವರ್ಷ ಕೈಗಾರಿಕಾ ಖಾತೆಯನ್ನು ವಹಿಸಿಕೊಂಡವರು ಜಾರ್ಜ್ ಫರ್ನಾಂಡಿಸರು. ಇವರು 1930ರಲ್ಲಿ ನಮ್ಮ ಮಂಗಳೂರಿನಲ್ಲಿ ಜನಿಸಿ, ಪಾದ್ರಿಯಾಗಲೆಂದು ಬೆಂಗಳೂರಿನ ಗುರುಮಠಕ್ಕೆ ಸೇರಿ, ಅದನ್ನು ಬಿಟ್ಟು ಮುಂಬಯಿಗೆ ಹೋಗಿ ಕಾರ್ಮಿಕರ ನಾಯಕರಾದವರು. 1974ರ ರೈಲ್ವೆ ಮುಷ್ಕರದಿಂದ ದೇಶಕ್ಕೆಲ್ಲ ಪರಿಚಿತರಾದವರು. ಸೆರೆಮನೆಯಲ್ಲಿದ್ದುಕೊಂಡೇ 1977ರ ಚುನಾವಣೆಯಲ್ಲಿ ಗೆದ್ದವರು.

ಕೋಕಾ-ಕೋಲಾ ಕಂಪನಿಯು ತನ್ನ ಪಾಲಿನ ಬಹುಭಾಗವನ್ನು ಭಾರತೀಯರಿಗೆ ಬಿಟ್ಟುಕೊಡಬೇಕು, ಮೂಲಸಾರವನ್ನು ತಯಾರಿಸುವ ತಿಳುವಳಿಕೆಯನ್ನೂ ಒಪ್ಪಿಸಬೇಕು ಎಂಬುದು ಸರ್ಕಾರದ ಪಟ್ಟು. ಗುಟ್ಟನ್ನು ಬಿಟ್ಟುಕೊಡಲಾರೆವು ಎಂಬುದು ಕಂಪನಿಯ ಪಟ್ಟು. ಒಬ್ಬರೂ ಬಗ್ಗಲಿಲ್ಲ. ಕಂಪನಿಯು ದೇಶವನ್ನು ಬಿಟ್ಟು ಹೊರಟಿತು. ಇದೇ ಬಗೆಯ ವಿವಾದದಿಂದ 1978ರಲ್ಲಿ ಐ.ಬಿ.ಎಂ. ಎಂಬ ಗಣಕಯಂತ್ರದ ಕಂಪನಿಯೂ ಹೊರಟುಹೋಯಿತು.

ಹೋದವರು ಹೋದರು, ಉಳಿದವರ ಗತಿಯೇನು? ಸಾರವನ್ನು ಕೊಂಡು ಸೀಸೆಗೆ ತುಂಬುತ್ತಿದ್ದ ಕಾರ್ಖಾನೆಗಳು ದೇಶದ ಹಲವು ಕಡೆಗಳಲ್ಲಿ ಇದ್ದುವು. ಅವುಗಳ ಯಂತ್ರಗಳು, ಲಾರಿಗಳು, ಲಕ್ಷಾಂತರ ಸೀಸೆಗಳು ಎಲ್ಲವೂ ಭಾರತೀಯರ ಸೊತ್ತು. ಅಲ್ಲಿ ದುಡಿಯುತ್ತಿದ್ದ ಆಳುಗಳೆಲ್ಲರೂ ಭಾರತೀಯರು. ಸಾರವು ಬಾರದಿದ್ದರೆ ಯಂತ್ರಗಳು ನಿಲ್ಲುವುವು, ಯಂತ್ರಗಳು ನಿಂತರೆ ಮನೆಗಳ ಒಲೆಗಳು ಆರುವುವು. ಕಾರ್ಮಿಕರ ನಾಯಕನೆನಿಸಿದ ಮಂತ್ರಿಗೆ ಇದು ಅಲಕ್ಷಿಸತಕ್ಕ ಮಾತಾಗಿರಲಿಲ್ಲ. ನಮ್ಮದೇ ಆದ ಸಾರವೊಂದು ಬೇಕೆಂಬ ಯೋಚನೆಗೆ ಸ್ವಾಭಿಮಾನವು ಎಷ್ಟು ಕಾರಣವೋ ಈ ಅನ್ನದ ಪ್ರಶ್ನೆಯೂ ಅಷ್ಟೇ ಕಾರಣವೆನ್ನಬೇಕು.

ಚೆಲುವಾಂಬ ಅರಮನೆಯ ಪ್ರಯೋಗಶಾಲೆ

ಈ ಕೆಲಸವನ್ನು ಸರ್ಕಾರವು ಒಪ್ಪಿಸಿದುದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯಕ್ಕೆ. ಮೈಸೂರಿಗೆ ಹೋದವರು ಚೆಲುವಾಂಬ ಅರಮನೆಯೆಂಬ ಭವ್ಯವಾದ ಕಟ್ಟಡವನ್ನು ನೋಡಿಯೇ ಇರುವರು. ರಾಜಮನೆತನದ ಆ ಅರಮನೆಯಲ್ಲಿ 1950ರ ಅಕ್ಟೋಬರ್ 21ರಂದು ಈ ಸಂಶೋಧನಾಲಯವು ಆರಂಭವಾಯಿತು. ಎಮ್ಮೆಯ ಹಾಲಿನಿಂದ ಎಳೆಮಕ್ಕಳ ಆಹಾರದ ಪುಡಿಯನ್ನು ಮಾಡುವ ವಿಧಾನವನ್ನು ಕಂಡುಹಿಡಿದು ದೇಶದ ತಾಯಂದಿರಿಗೆ ಉಪಕಾರ ಮಾಡಿದ ಸಂಸ್ಥೆಯು ಇದೇ. ಆ ವಿಧಾನದಿಂದಲೇ ಗುಜರಾತಿನ ಆನಂದದ ಹಾಲಿನ ಸಹಕಾರ ಸಂಘದವರು ಅಮೂಲ್ ಶಿಶು ಆಹಾರವನ್ನು ತಯಾರಿಸಿದರು. ಧಾನ್ಯವನ್ನು ಹುಳುವಿನಿಂದ ಕಾಪಾಡುವುದು, ಹಣ್ಣಿನ ರಸವನ್ನು ಕೆಡದಂತೆ ಇಡುವುದು ಮುಂತಾದ ಗೃಹೋಪಯೋಗಿ ವಿದ್ಯೆಗಳಲ್ಲಿ ಅಲ್ಲಿನ ವಿಜ್ಞಾನಿಗಳು ಪರಿಣತರಾಗಿದ್ದರು.

ಕೋಲಾ ಜಾತಿಯ ಪಾನೀಯವನ್ನು ಮಾಡುವುದು ಮೇಲುನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಅದರಲ್ಲಿ ಸಕ್ಕರೆಯೂ ನೀರೂ ಅಲ್ಲದೆ, ಕಂದುಬಣ್ಣಕ್ಕಾಗಿ ಸುಟ್ಟ ಸಕ್ಕರೆಯ ಪಾಕ, ನಾಲಗೆಯನ್ನು ಚುರುಕುಗೊಳಿಸುವ ಹುಳಿ, ಕಾಫಿಯಲ್ಲಿರುವ ಕೆಫೀನೆಂಬ ಉತ್ತೇಜಕ, ನಿಂಬೆ, ಕಿತ್ತಳೆ, ದಾಲ್ಚಿನ್ನಿ, ಜಾಯಿಕಾಯಿ ಮುಂತಾದವುಗಳ ಸುಗಂಧತೈಲಗಳು ಇರುವುವು. ಎಣ್ಣೆಯು ನೀರಿನೊಡನೆ ಬೆರೆಯದೆಂಬುದನ್ನು ಅಡಿಗೆಮನೆಯಲ್ಲಿ ಎಲ್ಲರೂ ಕಂಡವರೇ. ಈ ತೈಲಗಳು ಸೀಸೆಯ ಕೊರಳಿನಲ್ಲಿ ತೇಲದಂತೆ, ತಿಂಗಳುಗಟ್ಟಲೆ ಇಟ್ಟರೂ ಬಣ್ಣವು ಕದಡದಂತೆ, ಮೈಸೂರಿನ ಮೆದುನೀರಿಗೂ ಬಯಲುಸೀಮೆಯ ಗಡಸುನೀರಿಗೂ ಒಂದೇ ರುಚಿಯನ್ನು ಕೊಡುವಂತೆ ಸಾರವನ್ನು ಹದಗೊಳಿಸಬೇಕು. ಹುಳಿಯ ಒಂದು ಗುಂಜಿಯು ಹೆಚ್ಚಾದರೆ ಹಲ್ಲು ಚುಳ್ಳೆನ್ನುವುದು, ಕಡಮೆಯಾದರೆ ಬರಿಯ ಸಕ್ಕರೆನೀರಾಗುವುದು. ಮೈಸೂರಿನ ವಿಜ್ಞಾನಿಗಳು ಈ ಕೆಲಸವನ್ನು ಅಲ್ಪಕಾಲದಲ್ಲಿಯೇ ಮಾಡಿ ಮುಗಿಸಿ, ಸಾರದ ಸೂತ್ರವನ್ನು ಸರ್ಕಾರದ ಕೈಗೆ ಒಪ್ಪಿಸಿದರು. ಅಟ್ಲಾಂಟಾದ ಗುಟ್ಟನ್ನು ಅವರು ಕದಿಯಲಿಲ್ಲ. ಗುಟ್ಟಿಲ್ಲದೆಯೂ ಕೋಲಾ ಮಾಡಬಹುದೆಂದು ತೋರಿಸಿದರು.

ಹೆಸರು, ಹುಟ್ಟು, ಮತ್ತು ಎದುರಾಳಿಗಳು

ಪಾನೀಯಕ್ಕೆ ‘ಡಬಲ್ ಸೆವೆನ್’ ಎಂಬ ಹೆಸರು ಬಂದಿತು. ಎರಡು ಏಳುಗಳು ಸೇರಿದರೆ 77. ಅದು ಜನತಾ ಸರ್ಕಾರವು ಅಧಿಕಾರಕ್ಕೆ ಬಂದ ವರ್ಷ. ದೆಹಲಿಯ ಪ್ರಗತಿ ಮೈದಾನದಲ್ಲಿ ನಡೆಯುವ ವಾಣಿಜ್ಯ ಮೇಳದಲ್ಲಿ ಇದನ್ನು ಸಾರ್ವಜನಿಕರ ಮುಂದೆ ತಂದರು. ಇದನ್ನು ತಯಾರಿಸಿ ಮಾರುವ ಹೊಣೆಯು ಮಾಡರ್ನ್ ಬೇಕರೀಸ್ ಎಂಬ ಸರ್ಕಾರೀ ಸಂಸ್ಥೆಗೆ ಬಿದ್ದಿತು. 1965ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ನಗರಗಳಲ್ಲಿ ಮೇಣಗಾಗದದಲ್ಲಿ ಸುತ್ತಿದ ಬ್ರೆಡ್ಡನ್ನು ಮನೆಮನೆಗೆ ಪರಿಚಯಿಸಿದುದು. ಮುಂದೆ ಮಾಡರ್ನ್ ಫುಡ್ ಇಂಡಸ್ಟ್ರೀಸ್ ಎಂಬ ಹೆಸರನ್ನು ಪಡೆದುದು. ಕೋಲಾದ ಜೊತೆಗೆ ನಿಂಬೆಯ ರುಚಿಯ ‘ಡಬಲ್ ಸೆವೆನ್ ಟಿಂಗಲ್’ ಎಂಬ ತಮ್ಮನೂ ಹುಟ್ಟಿದನು.

ಆದರೆ ಬಯಲು ಖಾಲಿಯಾದುದನ್ನು ಕಂಡವರು ಸರ್ಕಾರದವರು ಮಾತ್ರವೇ ಆಗಿರಲಿಲ್ಲ. ಮುಂಬಯಿಯ ಪಾರ್ಲೆ ಸಂಸ್ಥೆಯವರು ಅದೇ 1977ರಲ್ಲಿ ‘ಥಮ್ಸ್ ಅಪ್’ ಎಂಬ ಕೋಲಾವನ್ನು ತಂದರು. ಅವರಿಗೆ ಗೋಲ್ಡ್ ಸ್ಪಾಟ್, ಲಿಮ್ಕಾಗಳ ವ್ಯಾಪಾರದಿಂದ ಸೀಸೆಗಳ ತಿರುಗಾಟವೂ ಅಂಗಡಿಗಳ ಪರಿಚಯವೂ ಮೊದಲೇ ಇದ್ದುವು. ದೆಹಲಿಯ ಪ್ಯೂರ್ ಡ್ರಿಂಕ್ಸ್ ಸಂಸ್ಥೆಯವರು ಕೋಕಾ-ಕೋಲಾವನ್ನು ಸೀಸೆಗೆ ತುಂಬುತ್ತಿದ್ದವರೇ. ಅವರು ತಮ್ಮ ನಿಂತ ಯಂತ್ರಗಳಿಗೆ ‘ಕ್ಯಾಂಪಾ ಕೋಲಾ’ ಎಂಬ ತಮ್ಮದೇ ಪಾನೀಯದಿಂದ ಜೀವವನ್ನು ತುಂಬಿದರು. ಹೀಗೆ ಸರ್ಕಾರದ ಪಾನೀಯವು ಪೇಟೆಗೆ ಬರುವ ವೇಳೆಗೆ ಅದಕ್ಕಿಂತ ಚುರುಕಾದ ಎದುರಾಳಿಗಳು ಅಂಗಡಿಯ ಕಟ್ಟೆಯ ಮೇಲೆ ಆಗಲೇ ಕುಳಿತಿದ್ದರು.

ಏತಕ್ಕೆ ನಿಲ್ಲಲಿಲ್ಲ?

1979ರ ಜುಲೈಯಲ್ಲಿ ಮೊರಾರ್ಜಿಯವರ ಸರ್ಕಾರವು ಬಿದ್ದಿತು. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಮತ್ತೆ ಪ್ರಧಾನಿಯಾದರು. ತಮ್ಮ ಸೋಲಿನ ವರ್ಷವನ್ನೇ ಹೆಸರಾಗಿ ಹೊತ್ತ ಪಾನೀಯಕ್ಕೆ ಆ ಸರ್ಕಾರದ ಆದರವು ದೊರೆಯಲಿಲ್ಲವೆಂದರೆ ಅಚ್ಚರಿಪಡಬೇಕಾದುದಿಲ್ಲ. ಮೊದಲೇ ಹಿಂದೆ ಬಿದ್ದಿದ್ದ ಡಬಲ್ ಸೆವೆನ್ ಇನ್ನಷ್ಟು ಹಿಂದೆ ಬಿದ್ದು, ಕ್ರಮೇಣ ಕಣ್ಮರೆಯಾಯಿತು. ಅದರ ಒಡೆಯನಾಗಿದ್ದ ಮಾಡರ್ನ್ ಸಂಸ್ಥೆಯ ಶೇಕಡ 74ರಷ್ಟು ಪಾಲನ್ನು 2000ನೆಯ ಇಸವಿಯಲ್ಲಿ ಸರ್ಕಾರವು ಹಿಂದೂಸ್ತಾನ್ ಲೀವರ್ ಕಂಪನಿಗೆ ಮಾರಿತು.

ರಾಜಕಾರಣವೊಂದೇ ಈ ಪಾನೀಯವನ್ನು ಕೊಂದಿತೆಂದು ಹೇಳುವವರುಂಟು. ಅದು ಅರ್ಧ ಸತ್ಯವೆಂದು ನಮಗೆ ತೋರುತ್ತದೆ. ಅಧಿಕಾರವು ಬದಲಾದರೂ ಜನರಿಗೆ ಬೇಕಾದ ಪದಾರ್ಥವು ಉಳಿಯುವುದು. ಅದನ್ನು ಕೇಳಿ ಕೊಳ್ಳುವವರೇ ಅದರ ಸರ್ಕಾರ. ಡಬಲ್ ಸೆವೆನ್ನಿಗೆ ಕೊರತೆಯಾದುದು ಬೇರೆಡೆಯಲ್ಲಿ. ಪಾನೀಯವು ಮೂರು ಕಾಲುಗಳ ಮೇಲೆ ನಿಲ್ಲುವುದು: ಒಂದು ರುಚಿ, ಇನ್ನೊಂದು ಸೀಸೆಯ ತಿರುಗಾಟ, ಮತ್ತೊಂದು ಹೆಸರಿನ ಮೇಲಿನ ಮಮತೆ. ಮೊದಲನೆಯದನ್ನು ಪ್ರಯೋಗಶಾಲೆಯು ಕೊಡಬಲ್ಲುದು. ಮೈಸೂರು ಅದನ್ನು ಕೊಟ್ಟಿತು. ಎರಡನೆಯದು ಬ್ರೆಡ್ಡಿನ ವ್ಯಾಪಾರದಿಂದ ಬರಲಾರದು. ಬ್ರೆಡ್ಡನ್ನು ಮಾರಿದ ಮೇಲೆ ಹಿಂದಕ್ಕೆ ತರಬೇಕಾದ ಪಾತ್ರೆಯೇನೂ ಇಲ್ಲ. ಸೀಸೆಯ ವ್ಯಾಪಾರದಲ್ಲಿ ಮಾರುವುದಕ್ಕಿಂತ ಹಿಂದಕ್ಕೆ ತರುವುದೇ ದೊಡ್ಡ ಕೆಲಸ. ಯಾವ ಅಂಗಡಿಗೆ ಎಷ್ಟು ಕ್ರೇಟು, ಯಾವ ಜಾತ್ರೆಗೆ ಎಷ್ಟು ಮಂಜುಗಡ್ಡೆ, ಯಾವ ಊರಿನಲ್ಲಿ ಎಷ್ಟು ಸೀಸೆ ಸಿಕ್ಕಿಹಾಕಿಕೊಂಡಿದೆ ಎಂಬುದನ್ನು ಬಿಸಿಲಿನಲ್ಲಿ ಲಾರಿಯೊಡನೆ ತಿರುಗುವವನು ಬಲ್ಲನೇ ಹೊರತು ಕಛೇರಿಯ ಕಡತವು ಬಲ್ಲುದಲ್ಲ.

ಮೂರನೆಯದು ಹೆಸರು. ಹೆಸರಿನ ವಿಷಯದಲ್ಲಿ ನಮ್ಮ ಸೀಮೆಯ ಒಂದು ಉದಾಹರಣೆಯನ್ನೇ ನೋಡಬಹುದು. ಕಮಲಾಪುರದ ಕೆಂಪು ಬಾಳೆಯೆಂದರೆ, ಕಲಬುರಗಿಯ ತೊಗರಿಯೆಂದರೆ ಆ ಹೆಸರಿನಲ್ಲಿ ಒಂದು ಮಣ್ಣು, ಒಂದು ನೀರು, ತಲೆಮಾರುಗಳ ಬೇಸಾಯ ಎಲ್ಲವೂ ಅಡಗಿವೆ. ಈ ಎರಡಕ್ಕೂ ಸ್ಥಳನಾಮದ ಹಕ್ಕನ್ನು ಕಾನೂನು ಕೂಡ ಮನ್ನಿಸಿ ನೋಂದಾಯಿಸಿದೆ. ಯಾವ ಮಂತ್ರಿಯು ಬಂದರೂ ಹೋದರೂ ಆ ಹೆಸರುಗಳಿಗೆ ಧಕ್ಕೆಯಿಲ್ಲ. ಡಬಲ್ ಸೆವೆನ್ ಎಂಬ ಹೆಸರಿಗೆ ಊರಿಲ್ಲ, ಕೇರಿಯಿಲ್ಲ. ಅದು ಒಂದು ವರ್ಷದ ಹೆಸರು. ಮೈಸೂರಿನಲ್ಲಿ ಹುಟ್ಟಿದ ಪಾನೀಯವೆಂದು ಅದನ್ನು ಕುಡಿದವರಲ್ಲಿ ಎಷ್ಟು ಮಂದಿಗೆ ಗೊತ್ತಿದ್ದೀತು? ತವರಿನ ಹೆಸರನ್ನು ಹೇಳದೆ ಬೆಳೆದ ಕೂಸಿಗೆ ಕಷ್ಟಕಾಲದಲ್ಲಿ ತವರಿನ ಆಸರೆಯು ಒದಗದೆ ಹೋಯಿತು.

ಮುಂದೆ ನಡೆದುದು

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, 1990ರಲ್ಲಿ ಪೆಪ್ಸಿಯು ‘ಲೆಹರ್’ ಎಂಬ ದೇಶೀ ಹೆಸರನ್ನು ಮುಂದಿಟ್ಟುಕೊಂಡು ಪೇಟೆಗೆ ಬಂದಿತು. ದೇಶದ ಆರ್ಥಿಕ ನೀತಿಯು ಬದಲಾದ ಮೇಲೆ 1993ರಲ್ಲಿ ಕೋಕಾ-ಕೋಲಾ ಹಿಂದಿರುಗಿ, ಪಾರ್ಲೆಯವರಿಂದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಮುಂತಾದ ಹೆಸರುಗಳನ್ನೇ ಕೊಂಡುಕೊಂಡಿತು. ಗೋಲ್ಡ್ ಸ್ಪಾಟ್ ಮರೆಯಾಯಿತು. ಥಮ್ಸ್ ಅಪ್ ಮಾತ್ರ ಕೊಂಡವರ ಮನೆಯಲ್ಲಿಯೂ ತನ್ನ ಹೆಸರನ್ನು ಬಿಡದೆ ಉಳಿಯಿತು, ಏಕೆಂದರೆ ಅದನ್ನೇ ಕೇಳುವ ಗಿರಾಕಿಗಳು ಇದ್ದರು. ಕ್ಯಾಂಪಾ ಕೋಲಾವು ಬಹುಕಾಲ ಮಂಕಾಗಿದ್ದು, 2022ರಲ್ಲಿ ರಿಲಯನ್ಸ್ ಸಂಸ್ಥೆಯ ಕೈಸೇರಿ, 2023ರಲ್ಲಿ ಮತ್ತೆ ಅಂಗಡಿಗೆ ಬಂದಿತು. ಹಗುರವಾದ ಪ್ಲಾಸ್ಟಿಕ್ ಸೀಸೆಯು ಬಂದ ಮೇಲೆ ದೂರದ ಗೋಡೆಯು ಬಿದ್ದುಹೋಯಿತು. ಹಿಂದಿರುಗಿಸಬೇಕಾದ ಸೀಸೆಯೇ ಇಲ್ಲವಾದುದರಿಂದ ಒಂದು ಕಡೆಯಲ್ಲಿ ತುಂಬಿದುದು ನೂರಾರು ಮೈಲಿಗಳಾಚೆಗೂ ಹೋಗತೊಡಗಿತು. ಇದರಿಂದ ಪೇಟೆಪೇಟೆಯ ಸೋಡಾದವರು ಬಡವಾದರು.

ಆದರೂ ನಿರಾಶೆಗೆ ಕಾರಣವಿಲ್ಲ. ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಈ ಶತಮಾನದಲ್ಲಿ ಹುಟ್ಟಿದ ‘ಬಿಂದು’ ಎಂಬ ಜೀರಿಗೆಯ ಪಾನೀಯವು, ಕೋಲಾವನ್ನು ಅನುಕರಿಸಲು ಹೋಗದೆ, ನಮ್ಮ ಮನೆಯ ಒಗ್ಗರಣೆಯ ಪರಿಮಳವನ್ನೇ ನಂಬಿ ಕರ್ನಾಟಕದ ಅಂಗಡಿಗಳಲ್ಲಿ ಸ್ಥಾನವನ್ನು ಗಳಿಸಿತು. ಗೋಲಿ ಸೋಡಾದ ಭಾಗ್ಯವೂ ಮರಳಿ ತೆರೆಯುತ್ತಿರುವಂತೆ ಕಾಣುತ್ತದೆ: 2025ರ ಮಾರ್ಚಿಯಲ್ಲಿ ಕೃಷಿ ರಫ್ತನ್ನು ಪ್ರೋತ್ಸಾಹಿಸುವ ಕೇಂದ್ರ ಸರ್ಕಾರದ ಸಂಸ್ಥೆಯು ‘ಗೋಲಿ ಪಾಪ್ ಸೋಡಾ’ ಎಂಬ ಹೆಸರಿನಲ್ಲಿ ಇದು ಅಮೆರಿಕ, ಇಂಗ್ಲೆಂಡ್, ಯೂರೋಪು ಮತ್ತು ಕೊಲ್ಲಿ ದೇಶಗಳಿಗೆ ಹೋಗುತ್ತಿರುವುದನ್ನು ಪ್ರಕಟಿಸಿತು. ಇಂಗ್ಲೆಂಡಿನಲ್ಲಿ ಹುಟ್ಟಿ, ಅಲ್ಲಿಯವರು ಮರೆತ ಸೀಸೆಯು ಭಾರತದ ಪದಾರ್ಥವೆನಿಸಿಕೊಂಡು ಅಲ್ಲಿಗೇ ಹೋಯಿತು! ಒಂದು ವಸ್ತುವು ಯಾರದೆಂಬುದನ್ನು ಹುಟ್ಟಿದ ಊರಿಗಿಂತ ಅದನ್ನು ಕಾಪಾಡಿದವರ ಕೈಗಳೇ ನಿರ್ಣಯಿಸುವುವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಬೇಕಾಗಿಲ್ಲ.

ಗೃಹಸ್ಥರಿಗೆ ಎರಡು ಮಾತು

ಸ್ವದೇಶದ ಪಾನೀಯವೆಂಬ ಅಭಿಮಾನದಿಂದ ಏನನ್ನಾದರೂ ಕುಡಿಯಬೇಕೆಂದು ನಾವು ಹೇಳುವವರಲ್ಲ. ಕೋಲಾ ಜಾತಿಯ ಪಾನೀಯದ 300 ಮಿಲಿಲೀಟರಿನ ಒಂದು ಸೀಸೆಯಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುವುದು. ಅಂದರೆ ಆರು ಚಹಾ ಚಮಚಗಳಷ್ಟು. ದೊಡ್ಡವರು ಕೂಡ ದಿನಕ್ಕೆ ಸುಮಾರು 50 ಗ್ರಾಮಿಗಿಂತ ಹೆಚ್ಚು ಸಕ್ಕರೆಯನ್ನು ತಿನ್ನಬಾರದು, 25 ಗ್ರಾಮಿನೊಳಗೆ ಇದ್ದರೆ ಇನ್ನೂ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿದೆ. ಸೀಸೆಯ ಮೇಲಿನ ಹೆಸರು ದೇಶದ್ದಾದರೂ ವಿದೇಶದ್ದಾದರೂ ಸಕ್ಕರೆಯು ಸಕ್ಕರೆಯೇ. ಮಕ್ಕಳಿಗೆ ಇದು ಹಬ್ಬದ ದಿನದ ವಸ್ತುವಾಗಿರಲಿ, ಬಾಯಾರಿಕೆಯ ಮದ್ದಾಗದಿರಲಿ. ಬಾಯಾರಿಕೆಗೆ ನೀರೂ ಉಪ್ಪು ಹಾಕಿದ ಮಜ್ಜಿಗೆಯೂ ಸಾಕು.

ಸ್ಥಳದ ಸೋಡಾವನ್ನು ಕೊಳ್ಳುವಾಗಲೂ ಪರೀಕ್ಷೆಯು ಅಗತ್ಯ. ಗೋಲಿ ಸೀಸೆಯ ಕೊರಳು ಇಕ್ಕಟ್ಟಾದುದರಿಂದ ಒಳಭಾಗವನ್ನು ತೊಳೆಯುವುದು ಕಷ್ಟ; ತಳದಲ್ಲಿ ಕಿಲುಬಿನಂತಹ ಪಾಚಿಯಾಗಲಿ, ರಬ್ಬರಿನ ಉಂಗುರದಲ್ಲಿ ಬಿರುಕಾಗಲಿ ಕಂಡರೆ ಅದನ್ನು ಹಿಂದಕ್ಕೆ ಕೊಡಬೇಕು. ಮುದ್ರೆಯೊತ್ತಿ ಮಾರುವ ಪಾನೀಯವಾದರೆ ತಯಾರಿಕೆಯ ದಿನಾಂಕವೂ, ಆಹಾರ ಸುರಕ್ಷತಾ ಪ್ರಾಧಿಕಾರವು ಕೊಟ್ಟ 14 ಅಂಕೆಗಳ ಪರವಾನಗಿಯ ಸಂಖ್ಯೆಯೂ ಇವೆಯೇ ಎಂದು ನೋಡಬೇಕು. ಇವೆರಡೂ ಸರಿಯಾಗಿದ್ದು, ನೀರು ಶುದ್ಧವಾಗಿದ್ದು, ಮಾಡುವವನು ನಮ್ಮ ಊರಿನವನೇ ಆಗಿದ್ದರೆ, ಅವನಿಗೆ ಮೊದಲನೆಯ ಗಿರಾಕಿಯಾಗುವುದರಲ್ಲಿ ಸಂಕೋಚವು ಬೇಡ.

ಭೀಮೆಯ ನೀರು ಶುದ್ಧಿಗೊಂಡು ಕಲಬುರಗಿ ನಗರಕ್ಕೆ ಹರಿಯುವುದು ಕೋಟನೂರಿನಿಂದಲೇ. ನೀರಿದೆ, ಬಿಸಿಲಿದೆ, ಬಾಯಾರಿದವರಿದ್ದಾರೆ. ರುಚಿಯ ವಿದ್ಯೆಯನ್ನು ಕಲಿಸಲು ಮೈಸೂರಿನ ಸಂಶೋಧನಾಲಯವು ಇಂದಿಗೂ ಬಾಗಿಲನ್ನು ತೆರೆದಿದೆ. ತಾನು ಕಂಡುಹಿಡಿದ ವಿಧಾನಗಳನ್ನು ಚಿಕ್ಕ ಉದ್ಯಮಿಗಳಿಗೆ ಒಪ್ಪಿಸುವುದು ಅದರ ಕರ್ತವ್ಯಗಳಲ್ಲಿ ಒಂದು. ಹೊಸದಾಗಿ ಪಾನೀಯವನ್ನು ಮಾಡಹೊರಡುವ ತರುಣರು ಡಬಲ್ ಸೆವೆನ್ನಿನ ವೃತ್ತಾಂತದಿಂದ ಕಲಿಯಬೇಕಾದುದು ಇಷ್ಟೇ: ಸೂತ್ರವನ್ನು ಅರಮನೆಯಿಂದ ತರಬಹುದು, ಬಂಡವಾಳವನ್ನು ಸರ್ಕಾರದಿಂದ ತರಬಹುದು, ಖಾಲಿಯಾದ ಸೀಸೆಯನ್ನು ಅಂಗಡಿಯವನು ತಾನಾಗಿಯೇ ಎತ್ತಿಟ್ಟು ‘ನಾಳೆ ಇನ್ನೂ ಎರಡು ಡಜನ್ ತಾ’ ಎಂದು ಹೇಳುವ ನಂಬಿಕೆಯನ್ನು ಮಾತ್ರ ಬೀದಿಬೀದಿ ತಿರುಗಿಯೇ ಗಳಿಸಬೇಕು.